ಎಫಿಯ ತಲೆಯೊಳಗಿನ ಗಂಡಸರು

ಫೆಬ್ರವರಿ 11, ಬುಧವಾರ

ಇದನ್ನು ಬರೆಯದೇ ಬಿಡುವವಳಿದ್ದೆ. ಮನೆಯಿಂದಲೇ ಸೇರುವ ಹ್ಯಾಲಿಫ್ಯಾಕ್ಸ್ ಆಫೀಸಿನ ಮೀಟಿಂಗ್‌ನಲ್ಲಿ ಇವತ್ತೂ ಶಬ್ದ ಹೋಯಿತು. ಲ್ಯಾಪ್‌ಟಾಪ್ ಮೂಕ. ಫೋನಿನಿಂದ ಸೇರಿಕೊಂಡೆ. ಶಬ್ದ ಎಲ್ಲಿಗೆ ಹೋಗುತ್ತಿರಬಹುದೆಂಬ ಅನುಮಾನ ನನಗಿತ್ತು — ಮನೆಯಲ್ಲಿರುವುದು ಒಂದೇ ಬ್ಲೂಟೂತ್ ಹೆಡ್‌ಫೋನ್, ಆ ಹೊತ್ತಿಗೆ ಅದು ಅತ್ತೆ ಎಫಿಯ ಕಿವಿಯಲ್ಲಿ. ಪಾರ್ಶ್ವವಾಯುವಾದ ಮೇಲೆ ದಿನಾ ಅಡುಗೆಮನೆಯಲ್ಲಿ ಟ್ಯಾಬ್ಲೆಟ್ ಮುಂದೆ ಮಾತಿನ ಅಭ್ಯಾಸ. ತೊಂದರೆಯಾದರೆ ಹೇಳುತ್ತಾಳೆ ಅಂದುಕೊಂಡೆ. ಅಂದುಕೊಳ್ಳುವುದು ಸುಲಭ.

ಫೆಬ್ರವರಿ 14, ಶನಿವಾರ

ಡಂಕನ್ ಬಂದಿದ್ದ. ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಶನಿವಾರದ ಬಿಂಗೊ ನಡೆಸುವವನು; ಚೆಂಡಿನ ಮೇಲಿನ ಅಕ್ಷರ, ಸಂಖ್ಯೆ ಕೂಗಿದಂತೆ ಜನ ಚೀಟಿಯಲ್ಲಿ ಗುರುತು ಹಾಕುವ ಆಟ. ಅಲ್ಲಿ ಸಂಖ್ಯೆ ಕೂಗುತ್ತಿದ್ದವಳು ಎಫಿ.

"ಈಗ ಕೂಗೋನು ಹೆಣದ ಮುಂದೆ ಪಾದ್ರಿ ಓದ್ದಂಗೆ ಓದ್ತಾನೆ. ಯಾವಾಗ ಬರ್ತೀಯ ಮುದುಕಿ?"

"ನನ್ನ ಹೆಸ್ರು ತೆಗೆದ್ಬಿಡು."

"ಮಾತು ಚೆನ್ನಾಗೇ ಬರ್ತಿದೆಯಲ್ಲೇ."

"ತೆಗಿ ಅಂದ್ನಲ್ಲ."

ಟೀ ಅರ್ಧಕ್ಕೇ ಬಿಟ್ಟು ಹೋದ. ಕ್ರಿಸ್‌ಮಸ್‌ನಲ್ಲಿ, ಈಸ್ಟರ್‌ಗೆ ಮುಂಚೆ ಕೂಗೇ ಕೂಗ್ತೀನಿ ಅಂದಿದ್ದವಳು ಇವಳೇ...

ಫೆಬ್ರವರಿ 19

ಹೆಸರು ತೆಗೆಸಿದ್ದು ಯಾಕೆಂದು ಎಫಿಯನ್ನು ನೇರ ಕೇಳಿದೆ.

"ತಲೆಯೊಳಗೆ ಗಂಡಸರು ಮಾತಾಡ್ತಾರೆ. ಪಾಠದ ಹುಡುಗಿ ಏನೋ ಹೇಳ್ತಿರ್ತಾಳೆ, ಸದ್ದೇ ಕಟ್. ಆಮೇಲೆ ಒಬ್ಬ ಬಜೆಟ್ ಅಂತಾನೆ. ಇನ್ನೊಬ್ಬ ಮುಂದಿನ ಸ್ಲೈಡ್ ಅಂತಾನೆ."

"ಅವರು ನನ್ನ ಆಫೀಸಿನವರು ಎಫಿ."

"ನಿನ್ನ ಆಫೀಸಿಗೆ ನನ್ನ ತಲೇಲೇನು ಕೆಲ್ಸ?"

ವಿವರಿಸಿದೆ. ಲ್ಯಾಪ್‌ಟಾಪ್ ಸದ್ದು ಮಾಡಿದೊಡನೆ ಹೆಡ್‌ಫೋನ್ ತಾನಾಗಿ ಟ್ಯಾಬ್ಲೆಟ್ ಬಿಟ್ಟು ಅತ್ತ ಹಾರುತ್ತದೆ. ಅವಳು ಎರಡನೇ ಸಲ ಪಾರ್ಶ್ವವಾಯು ಹೊಡೆದಿದೆಯೆಂದೇ ನಂಬಿದ್ದಳು. ಹೇಳಿದರೆ ವೃದ್ಧರ ಆರೈಕೆ ಮನೆಗೆ ಕಳಿಸುತ್ತೇವೆಂಬ ಭಯ. ಆದರೂ ಒಂದು ದಿನವೂ ಅಭ್ಯಾಸ ತಪ್ಪಿಸಿಲ್ಲ. ಗಂಡಸರು ಮುಗಿಸುವವರೆಗೆ ಕಾದು, ಮತ್ತೆ ಮೊದಲಿನಿಂದ. ತಲೆ ಕೈಕೊಡುತ್ತಿದೆಯೆಂದು ನಂಬಿಕೊಂಡೇ ಅದಕ್ಕೆ ಕಲಿಸುತ್ತ ಕೂರುವುದು — ನನ್ನಿಂದ ಆಗುತ್ತಿತ್ತೇ? ಇಲ್ಲ.

ಹೆಡ್‌ಫೋನ್ ತಾನಾಗಿ ಹಾರುವ ಆ ಸೆಟ್ಟಿಂಗ್ ಆಫ್ ಮಾಡಹೋದೆ. ಕೈ ಸರಿಸಿದಳು. "ತೋರ್ಸು. ನಾನೇ ಮಾಡ್ತೀನಿ."

ಮಾರ್ಚ್ 2

ಈಗ ಹೆಡ್‌ಫೋನಿನ ಒಡತಿ ಎಫಿ. ಮೀಟಿಂಗ್ ಇದ್ದರೆ ಮೊದಲೇ ತಿಳಿಸಬೇಕು. ಟ್ಯಾಬ್ಲೆಟ್‌ನಿಂದ ಬಿಡಿಸಿ, ಲ್ಯಾಪ್‌ಟಾಪಿಗೆ ಜೋಡಿಸಿ, ಅವಳೇ ತಂದು ಕೊಡುತ್ತಾಳೆ.

"ತಗೋಮ್ಮ, ನಿನ್ನ ಗಂಡಸರು."

ನಮ್ಮ ಆಫೀಸಿನಲ್ಲಿ ಯಾರಿಗೂ ಇಷ್ಟು ಶಿಸ್ತಿಲ್ಲ.

ಮಾರ್ಚ್ 10, ಮಂಗಳವಾರ

ಡಂಕನ್‌ನನ್ನು ಅವಳೇ ಕರೆಸಿದಳು. ಅವನು ಬಿಂಗೊ ಚೆಂಡು ತೆಗೆದುಕೊಟ್ಟ, ಇವಳು ಕೂಗಿದಳು.

"ಎನ್. ಐವತ್ತೆರಡು."

"ಐವತ್ತೆರಡು ಎನ್ ಸಾಲಿಗೆ ಯಾವತ್ತು ಬಂತು? ಹಾಲ್‌ನಲ್ಲಿ ಹಿಂಗಂದ್ರೆ ಹೆಂಗಸ್ರು ಬ್ಯಾಗ್ ಬೀಸ್ತಾರೆ."

"ಬೀಸ್ಲಿ. ತಪ್ಪಿದ್ರೆ ಇನ್ನೊಂದ್ಸಲ ಕೂಗ್ತೀನಿ."

ಮೇಜು ಹಿಡಿದು ಎದ್ದು ನಿಂತಳು. ಉಸಿರೆಳೆದಳು.

"ಜಿ. ಐವತ್ತೆರಡು."

ಹಿತ್ತಲಿನವರೆಗೂ ಕೇಳಿಸಿರಬೇಕು. ಡಂಕನ್ ಟೊಪ್ಪಿ ತೆಗೆದ.

ಹಾಲ್‌ನ ಫೇಸ್‌ಬುಕ್ ಪುಟ ನೋಡಿಕೊಳ್ಳುವವಳು ನಾನೇ. ಬರೆದೆ: ಈ ಶನಿವಾರ ಕೂಗಲು ಮತ್ತೆ ಬರುತ್ತಿದ್ದಾರೆ, ಎಫಿ ಮ್ಯಾಕಿಸಾಕ್. ಓದಿ, 'ಮತ್ತೆ' ಅಳಿಸು ಅಂದಳು.

"ನಾನೆಲ್ಲಿ ಹೋಗಿದ್ದೆ?"

ಅಳಿಸಿದೆ. ಪುಟಕ್ಕೆ ಹಾಕುವುದು ಗುರುವಾರ, ಮಾರ್ಚ್ 12ಕ್ಕೆ.