ಅಗುಳಿ ಹಾಕಿದವರ ಮಕ್ಕಳು

ಯೆಹೂದಿ ಪಂಚಾಂಗದ ೫೯೯೧ನೇ ವರ್ಷ, ತಿಶ್ರಿ ತಿಂಗಳ ಹನ್ನೊಂದು. ಹಳೆಯ ಕ್ಯಾಲೆಂಡರಿನಲ್ಲಿ ಇದು ೨೨೩೦.

ಇನ್ನೂ ಹುಟ್ಟದ ಮರಿಮಕ್ಕಳೇ,

ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಾನು ಸಿಪ್ಪೋರಾ ಪೆಣಕರ್. ಕಾರವಾರದ ಗುಡ್ಡದ ಮೇಲೆ ಉಳಿದಿರುವ ಯೆಹೂದಿಗಳ ಊರಿನಲ್ಲಿ ಅಕ್ಷರ ಕಲಿಸುತ್ತೇನೆ. ಸುತ್ತ ಸಮುದ್ರ. ಗುಡ್ಡದ ಬುಡದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತೇವೆ. ಮಳೆನೀರನ್ನು ತೊಟ್ಟಿಯಲ್ಲಿ ತುಂಬಿಟ್ಟು ಎಂಟು ತಿಂಗಳು ಕುಡಿಯುತ್ತೇವೆ. ಬೆಸ್ತರು ತೇಲೂರಿನಲ್ಲಿದ್ದಾರೆ, ಅಂದರೆ ದೋಣಿಗಳನ್ನು ಒಂದಕ್ಕೊಂದು ಬಿಗಿದು ಮಾಡಿಕೊಂಡ ಊರಿನಲ್ಲಿ.

ಸಮುದ್ರ ಏರಿದ ವರ್ಷ ಇತ್ತ ಓಡಿಬಂದ ಕೆಲವು ಬೆಸ್ತರು ಗುಡ್ಡ ಹತ್ತುವ ಮೊದಲೇ ಅಲೆ ಅವರನ್ನು ಒಯ್ದಿತೆಂದು ನಮಗೆ ಕಲಿಸಿದ್ದರು. ನಾನೂ ಹಾಗೆಯೇ ಕಲಿಸಿದೆ. ಹೋದ ವರ್ಷದ ಬೇಸಿಗೆಯಲ್ಲಿ ಊರ ಹೆಬ್ಬಾಗಿಲ ಹೊರಗೆ ತೊಟ್ಟಿ ತೋಡುವಾಗ ಹೂಳಿನಡಿ ನಲವತ್ತೊಂದು ಜನರ ಮೂಳೆ ಸಿಕ್ಕಿದವು. ಕೆಲವರ ಬೆರಳ ಮೂಳೆಗಳು ಹೊಸ್ತಿಲ ಸಂದಿಯಲ್ಲೇ ಇದ್ದವು. ಆ ವರ್ಷ ಬಾಗಿಲ ಕಾವಲು ನನ್ನ ಅಜ್ಜನ ಅಜ್ಜನದು; ಒಳಗಿನಿಂದ ಅಗುಳಿ ಹಾಕಿದವನು ಅವನೇ.

ಸತ್ತವರಿಗೆ ಅನ್ಯಾಯ ಮಾಡಿದವನು ಹತ್ತು ಜನರೊಂದಿಗೆ ಅವರ ಗೋರಿಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಪ್ರಾಯಶ್ಚಿತ್ತದ ಉಪವಾಸದ ದಿನ ನಾವು ಹಿರಿಯರ ಪಾಪವನ್ನೂ ನಮ್ಮದೆಂದೇ ಹೇಳುತ್ತೇವೆ. ಊರ ಹಿರಿಯ ಎಲ್ಕಾನಾ ಒಪ್ಪಲಿಲ್ಲ.

“ಕೊಂದೋರು ನಾವಲ್ಲ. ನಾವೆಂತಕ್ಕೆ ಒಪ್ಕೊಳ್ಬೇಕು?”

“ಆ ಬಾಗಿಲು ಹಾಕಿದ್ದಕ್ಕೇ ಅಲ್ವಾ ನಾವು ಹುಟ್ಟಿದ್ದು?” ಎಂದೆ.

ಕೊನೆಗೆ ಆ ಮೂಳೆಗಳನ್ನು ಮಣ್ಣು ಮಾಡಿದ ಜಾಗದಲ್ಲಿ ಹತ್ತು ಜನ ಸೇರಿದೆವು. ತೇಲೂರಿನಿಂದ ಮಾಳು ಹರಿಕಂತ್ರ ಎಂಬ ಮುದುಕಿಯನ್ನು ಕರೆಸಿದೆವು. ಸತ್ತವರು ಅವಳ ಮನೆತನದವರು. ನಾವು ಒಪ್ಪಿಕೊಂಡದ್ದನ್ನೆಲ್ಲ ಅವಳು ನಿಂತೇ ಕೇಳಿದಳು.

“ಅವರ ಹೆಸರು ಗೊತ್ತುಂಟಾ ನಿಮಗೆ?”

ಗೊತ್ತಿರಲಿಲ್ಲ. ನೆನಪಿದ್ದ ಹದಿನೇಳು ಹೆಸರನ್ನು ಅವಳೇ ಹೇಳಿದಳು. ಕ್ಷಮಿಸಿ ಎಂದು ಕೇಳಿದೆ.

“ಕ್ಷಮಿಸೂಕೆ ನಾನ್ಯಾರು? ಸತ್ತದ್ದು ನಾನಲ್ವಲ್ಲ” ಎಂದು ದೋಣಿಯತ್ತ ನಡೆದಳು.

ಮರುದಿನ ಬಾಗಿಲನ್ನು ಕಿತ್ತು ಒಲೆಗೆ ಹಾಕಿದೆವು.

ಈ ಮಳೆಗಾಲದಲ್ಲಿ ತೇಲೂರು ಒಡೆಯಿತು. ನೂರಾರು ಜನ ಮೇಲೆ ಬಂದರು, ಯಾರೂ ತಡೆಯಲಿಲ್ಲ. ಅಕ್ಕಿ ಮುಗಿಯಿತು, ಆಮೇಲೆ ಜ್ವರ ಬಂತು. ಅವರ ಆರು ಮಕ್ಕಳು, ನಮ್ಮ ನಾಲ್ಕು ಮಕ್ಕಳು ಸತ್ತವು. ಅದರಲ್ಲಿ ಒಂದು ನನ್ನ ಮಗ ಆಶೇರನ ಕೂಸು. ನನ್ನ ತೊಡೆಯ ಮೇಲೆಯೇ ಉಸಿರು ನಿಲ್ಲಿಸಿತು. ಮಳೆ ನಿಂತ ಮೇಲೆ ಬದುಕುಳಿದವರು ದೋಣಿ ಕಟ್ಟಿಕೊಂಡು ಕೆಳಗಿಳಿದರು.

ನಿನ್ನೆ ಉಪವಾಸದ ಪ್ರಾರ್ಥನೆಯಲ್ಲಿ ಆಶೇರ ನನ್ನ ಪಕ್ಕದಲ್ಲೇ ಎದೆ ಬಡಿದುಕೊಂಡು ತಪ್ಪೊಪ್ಪಿಕೊಂಡ. ಇವತ್ತು ಬೆಳಿಗ್ಗೆ ನಾಲ್ವರ ಜೊತೆ ಹಲಸಿನ ಹಲಗೆ ಕೊಯ್ಯುತ್ತಿದ್ದ.

“ಎಂತ ಮಾಡ್ತಿದ್ದಿ ಮಗಾ?”

“ಬಾಗಿಲು, ಆಯಿ. ಇನ್ನೊಂದು ಕೂಸನ್ನ ಮಣ್ಣು ಮಾಡೂಕೆ ನನ್ನಿಂದಾಗೂದಿಲ್ಲ.”

ಗರಗಸವನ್ನು ಕಿತ್ತುಕೊಳ್ಳಲಿಲ್ಲ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನೀವು ಓದುವ ಹೊತ್ತಿಗೆ ಆ ಬಾಗಿಲು ನಿಂತಿದ್ದರೆ, ಅದನ್ನು ಮಾಡಿದವನು ಕ್ರೂರಿಯಲ್ಲ, ಕೂಸು ಕಳೆದುಕೊಂಡ ಅಪ್ಪ. ಹಾಗೆಂದು ಅವನ ತಪ್ಪಿಲ್ಲ ಎನ್ನಬೇಡಿ. ಅವನ ಹೆಸರಿನ ಜೊತೆ ಸುಮ್ಮನಿದ್ದ ನನ್ನ ಹೆಸರನ್ನೂ ಹೇಳಿ ತಪ್ಪೊಪ್ಪಿಕೊಳ್ಳಿ. ಅದಕ್ಕೆ ಹತ್ತು ಜನ ಸೇರುವ ತನಕ ಕಾಯಬಹುದು. ಆದರೆ ಬಾಗಿಲ ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಈಗಲೇ ಹೋಗಿ ನೋಡಿ.