ಅಳಿಸಿದ ವಿಡಿಯೋಗಳು

೧೮ ನವೆಂಬರ್, ಮಂಗಳವಾರ

ಬೀಗದ ಕೈ ಇನ್ನೂ ಪ್ಯಾಂಟಿನ ಜೇಬಲ್ಲೇ ಇದೆ. ಮುಟ್ಟೋಕೆ ನಾಚಿಕೆ.

ಸಂಜೆ ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಒಬ್ಬ ಹೆಂಗಸು ಫಿಟ್ಸ್ ಬಂದು ಬಿದ್ರು. ಫಿಸಿಕ್ಸ್ ಓದಿ, ಇಪ್ಪತ್ತಾರು ವರ್ಷ ಮೂರ್ಛೆರೋಗದ ಗಣಿತವನ್ನೇ ಮಾಡಿದವನು ನಾನು. ಮಾಡಿದ್ದೇನು? ಅವರ ಕೈಗೆ ಮನೆ ಬೀಗದ ಕೈ ತುರುಕಿದೆ, ನಮ್ಮಜ್ಜಿ ಹೇಳ್ತಿದ್ದ ಹಾಗೆ. ಪಕ್ಕದ ಹೂವಿನವಳು ರೇಗಿದ್ಲು: "ಕಬ್ಬಿಣ ಗಿಬ್ಬಿಣ ಬೇಡ ಸಾರ್, ಮಗ್ಗುಲಿಗೆ ಹೊರಳಿಸಿ, ತಲೆ ಹಿಡ್ಕೊಳ್ಳಿ."

ಎಚ್ಚರ ಆದ್ಮೇಲೆ ಆಕೆ ಸೆರಗು ಎಳ್ಕೊಂಡು ಕೇಳಿದ್ದು ಒಂದೇ: "ಎಲ್ರೂ ನೋಡಿಬಿಟ್ರಾ?"

ನಾನು ಕಣ್ಣಾರೆ ನೋಡಿದ್ದು ಇದೇ ಮೊದಲು. ಆಸ್ಪತ್ರೆಯಿಂದ ಮಿದುಳಿನ ಅಲೆಗಳ ಜೊತೆ ಪ್ರತಿ ರೋಗಿಗೆ ಫಿಟ್ಸ್ ಬಂದಾಗಿನ ವಿಡಿಯೋನೂ ಬರ್ತಿತ್ತು. ಲೆಕ್ಕಕ್ಕೆ ನನಗೆ ಆ ಅಲೆಗಳ ಗೆರೆಗಳೇ ಸಾಕಿತ್ತು. ಡಿಸ್ಕ್ ತುಂಬುತ್ತೆ ಅಂತ ವಿಡಿಯೋಗಳನ್ನ ತೆರೆಯದೇ ಅಳಿಸ್ತಿದ್ದೆ. ಮುನ್ನೂರ ಹನ್ನೆರಡು ಜನ. ನನ್ನ ವಿದ್ಯಾರ್ಥಿನಿ ಧೃತಿ ಒಮ್ಮೆ, "ಒಂದಾದ್ರೂ ನೋಡೋಣ ಸಾರ್" ಅಂದಿದ್ಲು. "ಅದು ಡಾಕ್ಟರ್ ಕೆಲಸ ಕಣಮ್ಮ" ಅಂದಿದ್ದೆ.

ಬಸ್ ಸ್ಟ್ಯಾಂಡಲ್ಲಿ ಆಕೆಗೆ "ಇಲ್ಲಮ್ಮ, ಯಾರೂ ನೋಡಲಿಲ್ಲ" ಅಂದೆ. ಸಮಾಧಾನಕ್ಕೆ ಹೇಳಿದ ಸುಳ್ಳು.

ಆ ಮುನ್ನೂರ ಹನ್ನೆರಡು ಜನಕ್ಕೆ "ನಾನು ನೋಡಲಿಲ್ಲ" ಅಂತ ಹೇಳಿದ್ರೆ, ಅದು ನಿಜ.