ಏಳೇ ಹಾಕು

ಫೆಬ್ರವರಿ 3, ಬೆಳಿಗ್ಗೆ
ಮಾತ್ರೆ, ವಾಕಿಂಗ್ ಮುಗಿಯಿತು. ಮೊಣಕಾಲು ಇವತ್ತು ಸುಮ್ಮನಿದೆ. ವಾರ್ಡನ್ ಆದಮೇಲೆ ಹಾಸ್ಟೆಲ್ ಆಫೀಸಿಗೆ ಬೇಗ ಹೋಗಬೇಕು. ಮಗಳ ಪಿಎಚ್‌ಡಿ ಪ್ರಶ್ನಾವಳಿಯ ಮೊದಲ ಸುತ್ತು ನಮ್ಮ ಹುಡುಗರಿಂದಲೇ. ಹತ್ತು ವಾಕ್ಯ. ಸಿಟ್ಟು, ದುಃಖ ಬಂದರೆ ಒಳಗೇ ನುಂಗುತ್ತೀರಾ, ಬೇರೆ ಥರ ಯೋಚಿಸಿ ಸಮಾಧಾನ ಮಾಡಿಕೊಳ್ಳುತ್ತೀರಾ... ಒಂದರಿಂದ ಏಳರೊಳಗೆ ಅಂಕಿ ಹಾಕಬೇಕು; ಏಳು ಅಂದರೆ ಪೂರ್ತಿ ಹೌದು. ತಿಂಗಳ ಮೇಲೆ ಅವರೇ ಮತ್ತೆ ತುಂಬಬೇಕು. ಎರಡೂ ಸಲದ್ದು ಹೆಚ್ಚುಕಡಿಮೆ ಹೊಂದಿದರೆ ಪ್ರಶ್ನಾವಳಿಯನ್ನು ನಂಬಬಹುದು. ರಿಲಯಬಿಲಿಟಿ.
"ಎರಡನೇ ಸಲ ಅರ್ಧ ಜನ ಬರಲ್ಲಪ್ಪ," ಅಂದಳು. "ಈ ಟರ್ಮಲ್ಲೇ ಥೀಸಿಸ್ ಕೊಡದಿದ್ರೆ ಫೆಲೋಶಿಪ್ ನಿಂತುಹೋಗುತ್ತೆ."
"ಅದು ನನಗೆ ಬಿಡು. ಐ ಬೆಗ್ ಟು ಅಶೂರ್ ಯೂ, ಮೇಡಂ." ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಭಾಗ ಮಾತ್ರ ಉಳಿದಿದೆ. ನಕ್ಕಳು.

ಮಾರ್ಚ್ 4
ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ಒಬ್ಬನನ್ನು ಸೋಪಿನ ನೊರೆಯ ಸಮೇತ ಎಳೆದುತಂದೆ. ಮಗಳು ಒಳಗೆ ಹಾಳೆ ಜೋಡಿಸುತ್ತಿದ್ದಳು. ಮೊದಲ ಸುತ್ತಿನ ಝೆರಾಕ್ಸ್ ನನ್ನ ಬಳಿ ಇತ್ತು — ಭದ್ರತೆಗೆಂದು ಆಗಲೇ ತೆಗೆಸಿಟ್ಟಿದ್ದೆ. ವರಾಂಡದಲ್ಲಿ ಅವರವರದನ್ನು ಅವರವರಿಗೆ ತೋರಿಸಿದೆ. ಹಳೇ ಕಾಗದ ನೋಡದೆ ಹೊಸದಕ್ಕೆ ಸಹಿ ಹಾಕಿದವನಲ್ಲ ನಾನು, ಇಡೀ ಸರ್ವೀಸಿನಲ್ಲಿ.
ಮೆಸ್ ಸೆಕ್ರೆಟರಿ ತಕರಾರು ತೆಗೆದ. "ಅಂಕಲ್, ಆಗ ಸಿಟ್ಟು ನುಂಗ್ತೀನಿ ಅಂತ ಏಳು ಹಾಕಿದ್ದೆ. ಈಗ ಲವ್ ಕೈಕೊಟ್ಟಿದೆ. ಕಂಡವರ ಮೇಲೆಲ್ಲ ಕೂಗಾಡ್ತಿದೀನಿ."
"ಅದು ನಿನ್ನ ಪರ್ಸನಲ್ ಮ್ಯಾಟರ್. ಏಳೇ ಹಾಕು."

ಮಾರ್ಚ್ 11, ಸಂಜೆ
ಮಗಳ ಗೈಡ್ ಕೇಳಿದರಂತೆ — "ಇವರು ವಿದ್ಯಾರ್ಥಿಗಳಾ, ಗೋಡೆಗೆ ಹೊಡೆದ ಮೊಳೆಗಳಾ? ಒಂದೂ ಅಲುಗಾಡಿಲ್ಲವಲ್ಲ."
ಮಗಳು ಬಂದು ವಿಚಾರಿಸಿದಳು. ಝೆರಾಕ್ಸ್ ತೋರಿಸಿದ್ದನ್ನು ಹೆಮ್ಮೆಯಿಂದಲೇ ಹೇಳಿದೆ. ಹಳೆಯದನ್ನು ನೋಡಿ ಬರೆದರೆ ಅದು ಪರೀಕ್ಷೆಯೇ ಅಲ್ಲವಂತೆ. ನಮ್ಮ ಹಾಸ್ಟೆಲಿನ ಹಾಳೆಗಳೆಲ್ಲ ರದ್ದು. ಬೇರೆ ಹಾಸ್ಟೆಲಿನಲ್ಲಿ ಮೊದಲಿಂದ ಶುರು.
"ಪರವಾಗಿಲ್ಲಪ್ಪ," ಅಂದು ತಟ್ಟೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ.
ಆ ಹತ್ತು ವಾಕ್ಯ ನನಗೀಗ ಬಾಯಿಪಾಠ. "ನೀನೂ ಏಳೇ ಹಾಕ್ತಿದೀಯ," ಅಂದೆ. "ಬೈದುಬಿಡು."
ಬೈದಳು. ಝೆರಾಕ್ಸಿನಿಂದ ಶುರುವಾದ ಮಾತು ಎಲ್ಲಿಗೋ ಹೋಯಿತು. "ಅಮ್ಮ ಹೋದಾಗಲೂ ನೀನು ಹೀಗೇ ಮಾಡಿದೆ. ಯಾರಾದ್ರೂ ಕೇಳಿದ್ರೆ ಧೈರ್ಯವಾಗಿದೀನಿ ಅನ್ನು ಅಂತ ಹೇಳಿಕೊಟ್ಟೆ. ನಾನು ಧೈರ್ಯವಾಗಿರಲಿಲ್ಲಪ್ಪ."
ಹೌದು, ಹೇಳಿಕೊಟ್ಟಿದ್ದೆ.

ಏಪ್ರಿಲ್ 19
ಹೊಸ ಹಾಸ್ಟೆಲಿನ ಎರಡನೆಯ ಸುತ್ತು. ಕರೆತರುವುದಷ್ಟೇ ನನ್ನ ಕೆಲಸ, ಬಾಯಿ ಬಿಡುವಂತಿಲ್ಲ — ಮಗಳ ಸ್ಟ್ರಿಕ್ಟ್ ಆರ್ಡರ್. ಎಲ್ಲರೂ ಬಂದರು. ಆ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಏಪ್ರಿಲ್ 24, ಸಂಜೆ
ಲೆಕ್ಕ ಬಂತು. ಅಲ್ಲಲ್ಲಿ ಅಲುಗಾಡಿದೆ, ಆದರೂ ಗಟ್ಟಿ. ಗೈಡ್ ಒಪ್ಪಿದರು. ಥೀಸಿಸ್ ಈ ಟರ್ಮಿಗೇ. ನಾನು ಆಗಲೇ ಅಂದಿದ್ದೆ.
ಮಗಳು ಎದುರು ಕೂತಳು. "ಅಮ್ಮ ಹೋದ ದಿನ ನಿನಗೆ ಹೇಗಿತ್ತಪ್ಪ?"
"ಧೈರ್ಯವಾಗಿದ್ದೆ."
"ಆಗಲೂ ಅದನ್ನೇ ಹೇಳಿದ್ದೆ. ಈಗ ಹೇಳು."
ಹೇಳಿದೆ. ಆಸ್ಪತ್ರೆಯಿಂದ ಅವಳಮ್ಮನ ಚಪ್ಪಲಿ ಹಿಡಿದುಕೊಂಡು ಬಸ್ಸು ಹತ್ತಿದ್ದೆ, ಮಗಳಿಗೆ ವಿಷಯ ತಿಳಿಸಲು. ಕಂಡಕ್ಟರು ಎಷ್ಟು ಟಿಕೆಟ್ ಅಂದ. ಎರಡು ಅಂದೆ. ಸೀಟಿನಲ್ಲಿ ಕೂತ ಮೇಲೆ ಎರಡನೇ ಟಿಕೆಟ್ ಯಾರದೆಂದು ಹೊಳೆಯಿತು, ಇಳಿಯುವವರೆಗೂ ಅತ್ತೆ.